ದಮ್ಮಿನ ಲೆಕ್ಕ

ಮಂಗಳೂರಿನ ಯಾವುದೋ ಆಸ್ಪತ್ರೆ ಮಾರಿದ ಸೈಕಲ್ಲು ಇದು,
ಎಲ್ಲಿಗೂ ಹೋಗುವುದಿಲ್ಲ.
ಕಾಸರಗೋಡಿನ ಈ ಮೂರನೆಯ ಮಹಡಿಯಲ್ಲಿ
ಕಿಟಕಿಗೆ ಮುಖ ಮಾಡಿ ಇಟ್ಟಿದ್ದೇನೆ,
ತುಳಿಯುವವರಿಗೆ ಹೆದ್ದಾರಿಯಾದರೂ ಕಾಣಲಿ ಎಂದು.

ಇವತ್ತು ಚನಿಯಪ್ಪ. ಐವತ್ತೆರಡು. ಪೈವಳಿಕೆ.
ಮುರಕಲ್ಲಿನ ಕೋರೆಯಲ್ಲಿ ಮೆಷಿನು ನಡೆಸುವವರು.
ರೆಪ್ಪೆಯ ಬುಡದಲ್ಲಿ ಕೆಂಪು ಧೂಳು
ಸೋಪಿಗೂ ಜಗ್ಗದೆ ಕೂತಿದೆ.

ಡಾಕ್ಟರು ಕೇಳಿದ್ದರಂತೆ, "ಶ್ವಾಸಂ ಮುಟ್ಟುಂಡೋ?"
ಇವರು ಹೇಳಿದ್ದು, "ಮುಟ್ಟಿದ್ದೇನೆ ಸಾರ್, ತುಂಬ ಜನರನ್ನು.
ತೊಂಬತ್ತೆರಡರಲ್ಲಿ, ಉಪ್ಪಳದ ಮೈದಾನದಲ್ಲಿ,
ಒಂದೇ ಉಸಿರಿಗೆ ನಾಲ್ವರನ್ನು."
ಮಲಯಾಳದಲ್ಲಿ ಅದು ಕಟ್ಟಿಕೊಳ್ಳುವುದು,
ಕನ್ನಡದಲ್ಲಿ ತಾಗುವುದು.
ಗೊತ್ತಿದ್ದೇ ಮಾಡಿದ ತಮಾಷೆ.
ಡಾಕ್ಟರು ನಗಲಿಲ್ಲವಂತೆ, ಪಾಲಕ್ಕಾಡಿನವರು.

"ಪೊಸಡಿ ಗುಂಪೆಯ ಅರ್ಧಕ್ಕೇ ನಿಲ್ತೇನೆ ಈಗ.
ಧೂಳಲ್ವಾ ಮೇಡಂ. ಬೀಡಿಯೂ ಇತ್ತು.
ದಮ್ಮು ಶುರುವಾಗಿದೆ, ಮತ್ತೆಂತ."

ದಮ್ಮು!
ಆ ಒಂದು ಮಾತಿನೊಳಗೆ ಕಾಯಿಲೆಯೂ ಉಂಟು,
ಬೀಡಿಯ ಒಂದು ಎಳೆತವೂ ಉಂಟು,
ಗೆರೆ ದಾಟಿ ಏಳು ಜನರ ನಡುವೆ ನುಗ್ಗುವ ಕೊಬ್ಬೂ ಉಂಟು.
ಎದೆ ಎನ್ನುವುದೂ ಹಾಗೆಯೇ:
ಗೂಡಿಗೂ ಅದೇ ಹೆಸರು, ಒಳಗಿನ ಹಕ್ಕಿಗೂ ಅದೇ.
ಭಾಷೆ ಒಟ್ಟಿಗೆ ಕಟ್ಟಿಟ್ಟ ಗಂಟನ್ನು
ಬಿಚ್ಚುವುದು ನನ್ನ ಸಂಬಳದ ಕೆಲಸ.

ಮಲಗಿದರೆ ಹೆಚ್ಚಾಗ್ತದಾ? ಎಷ್ಟು ತಲೆದಿಂಬು?
"ಎರಡು."
ಯಾವಾಗಿನಿಂದ?
"ಹೆಂಡತಿ ತೀರಿಕೊಂಡ ಮೇಲೆ ಅವಳದ್ದೂ ನನಗೇ ಅಲ್ವಾ."
(ಇದನ್ನು ಫಾರಮಿನ ಯಾವ ಚೌಕದಲ್ಲಿ ಬರೆಯಲಿ?)
ಸಂಜೆ ಕಾಲಿನಲ್ಲಿ ನೀರು? ಕಾಲುಚೀಲದ ಗುರುತು?
"ನಾನು ಚಪ್ಪಲಿಯವನು."
ಕೆಮ್ಮು?
"ಕೋಳಿ ಕೂಗುವ ಮೊದಲು. ಸ್ವಲ್ಪ."

ಮುಖಕ್ಕೆ ಮಾಸ್ಕು, ಬೆರಳಿಗೆ ಕ್ಲಿಪ್ಪು,
ಎದೆಗೆ ಹತ್ತು ವಯರು. ತುಳಿಯಿರಿ.
ನಿಮಿಷಕ್ಕೊಮ್ಮೆ ಏರು ಹೆಚ್ಚಿಸುತ್ತೇನೆ,
ಕಾಣದ ಗುಡ್ಡವೊಂದನ್ನು ಅವರ ಪಾದದ ಕೆಳಗೆ
ಸ್ವಲ್ಪ ಸ್ವಲ್ಪವೇ ಎತ್ತುತ್ತೇನೆ.
ಮಾಸ್ಕಿನೊಳಗೆ ತುಟಿ ಅಲುಗಿತು.
ಮಾತಾಡಬಾರದು, ಎಂದೆ.
ನಿಲ್ಲಲಿಲ್ಲ. ಮಾತಲ್ಲ ಅದು,
ಕಬಡ್ಡಿ ಕಬಡ್ಡಿ ಕಬಡ್ಡಿ.

ಏಳನೆಯ ನಿಮಿಷಕ್ಕೆ ಕಾಲು ನಿಂತಿತು.

ಪರದೆಯಲ್ಲಿ ಬೆರಳಿನ ಅಂಕಿ ತೊಂಬತ್ತೇಳು,
ಮೊದಲಿಂದ ಕೊನೆಯವರೆಗೆ ಕದಲಿಲ್ಲ.
ಸೇದಿ ಬಿಡಬಲ್ಲ ಗಾಳಿಯಲ್ಲಿ
ಅರ್ಧವಷ್ಟೇ ಖರ್ಚಾಗಿತ್ತು.
ನಾಡಿ ಮಾತ್ರ ಓಡಿತ್ತು, ಓಡಿ ಓಡಿ ಸೋತಿತ್ತು;
ಬಡಿತವೊಂದು ಹೊತ್ತು ತರುವ ಪ್ರಾಣವಾಯುವಿನ ಗೆರೆ
ನಾಲ್ಕನೆಯ ನಿಮಿಷಕ್ಕೇ ಮಟ್ಟಸ,
ಅಂಗೈಯಿಂದ ಸವರಿದ ಸೇರಿನ ಬಾಯಿಯ ಹಾಗೆ.
ಎಷ್ಟು ಬೇಡಿದರೂ ಒಂದು ಕಾಳು ಹೆಚ್ಚಿಗೆ ಇಲ್ಲ.

"ಎಂತ ಮೇಡಂ?"
ಡಾಕ್ಟರು ಹೇಳ್ತಾರೆ ಎನ್ನಬೇಕು, ಅದು ನಿಯಮ.
"ನಿಮ್ಮ ಉಸಿರು ಅರ್ಧ ಬಾಕಿ ಉಂಟು," ಎಂದುಬಿಟ್ಟೆ.

ಮುಖ ಬಿಚ್ಚಿಕೊಂಡಿತು.
ವಯರು ಕಳಚುವ ಮೊದಲೇ ಫೋನು ತೆಗೆದರು.
"ಹಮೀದಾ, ತೊಂಬತ್ತಮೂರರ ಫೈನಲಿನಲ್ಲಿ
ಗೆರೆಗೆ ಒಂದು ಗೇಣು ಇರುವಾಗ ನನ್ನ ಕಾಲು ಹಿಡಿದೆಯಲ್ಲ,
ಇವನ ದಮ್ಮು ಹೋಯ್ತು ಅಂದಿರಲ್ಲ ಎಲ್ಲರೂ,
ಹೋಗಿರಲಿಲ್ಲ ಮಾರಾಯ!
ಇಲ್ಲಿ ಕಂಪ್ಯೂಟರಿನಲ್ಲಿ ಬಂದಿದೆ."

ಈ ಮೆಷಿನಿಗೆ ಹಿಂದಕ್ಕೆ ತುಳಿಯಲು ಬರುವುದಿಲ್ಲ.
ಆಗ ನಿಂತದ್ದು ಯಾವುದು ಎಂದು ಅದು ಹೇಳಲಾರದು.
ನಾನೂ ಹೇಳಲಿಲ್ಲ.
ಕೆಳಗೆ, ಎರಡನೆಯ ಬಾಗಿಲು, ಹೃದಯದ ಡಾಕ್ಟರು, ಎಂದೆ.
"ಮೆಟ್ಟಿಲು ಬೇಡ. ಲಿಫ್ಟಿನಲ್ಲಿ ಇಳಿಯಿರಿ."
ಇನ್ನೂ ಫೋನಿನಲ್ಲೇ ಇದ್ದರು,
ಬಾಗಿಲು ಮುಚ್ಚುವವರೆಗೆ ಆ ನಗು ಕೇಳುತ್ತಿತ್ತು.

ಮಾಸ್ಕು ತೊಳೆದೆ.
ಸಿಂಕಿನ ಬಿಳಿಯಲ್ಲಿ ಒಂದಿಷ್ಟು ಕೆಂಪು.
ಧೂಳು ನಿರಪರಾಧಿ ಎಂದು
ನಾನೇನೂ ಬರೆದಿಲ್ಲ.