ಕೋಡಿ ಬಿದ್ದ ವಾರ

ಮಾರ್ಕೋನಹಳ್ಳಿ ಕೋಡಿ ಬಿತ್ತೆಂದರೆ
ಯಡಿಯೂರಿನ ದಸ್ತಗೀರ್ ಟೈಲರ್ ಅಂಗಡಿಗೆ ಬೀಗ.
ನನ್ನ ರವಿಕೆ ಹೋದ ಸೋಮವಾರದ್ದು.
ಕೊನೆಗೆ ನಾನೇ ಹುಡುಕಿಕೊಂಡು ಹೋದೆ, ಶಿಂಷೆಯ ದಡಕ್ಕೆ.

ಮೊಣಕಾಲುದ್ದ ಕೆಂಪುನೀರಲ್ಲಿ ನಿಂತಿದ್ದ,
ಕೊರಳಲ್ಲಿ ಅಳತೆ ಟೇಪು ಹಾಗೇ.
ಗಾಳಕ್ಕೆ ನಾಟಿ ಹುಂಜದ ಕತ್ತಿನ ಗರಿ,
ಸುತ್ತಿದ್ದು ಗಿಣಿಹಸಿರು ನೂಲು.
‘ಅದು ನನ್ನದಲ್ಲವಾ?’
‘ಶ್ಶ್, ಅಕ್ಕಾ. ನೊಣ ಕಟ್ಟಿದ್ದೀನಿ, ಹಾರಿಸಬೇಡಿ.’

ಈ ರಾಡಿಯಲ್ಲಿ ಮೀನಿಗೇನು ಕಾಣುತ್ತೆ?
‘ಕರೆಂಟು ಹೋದಾಗ್ಲೂ ಸೂಜಿಗೆ ದಾರ ಪೋಣಿಸ್ತೀನಲ್ಲ,
ಹಂಗೆ.’

ದಾರ ಹಿಂದೆ ಹೋಗಿ ಗಾಳಿಯಲ್ಲೊಮ್ಮೆ ನೆಟ್ಟಗಾಗಿ
ಕಾಜಾ ಹೊಲಿದಷ್ಟು ಮೆತ್ತಗೆ
ಸುಳಿಯ ಅಂಚಿಗಿಳಿಯಿತು. ಮೂರು ಸಲ ಏನಿಲ್ಲ.
ನಾಲ್ಕನೆಯದಕ್ಕೆ
ನದಿಯೇ ಮಗ್ಗುಲು ಬದಲಿಸಿದಂತೆ ಒಂದು ಬೆನ್ನು.
ಬಿದಿರು ಬಿಲ್ಲಾಯಿತು, ಅವನು ಸೊಂಟಮಟ್ಟ ಇಳಿದ,
ಅವನ ಅಂಗಿ ನನ್ನ ಮುಷ್ಟಿಯಲ್ಲಿ.
ಟಪ್.

ದಡದಲ್ಲಿ ಕೂತು ಟೇಪು ಬಿಚ್ಚಿ
ಬರಿಗಾಳಿ ಅಳೆದ: ‘ನಲವತ್ತಾರು.
ಬೇಕಾದ್ರೆ ಒಂದಿಂಚು ಒಳಗೆ ಹಿಡೀಬಹುದು.’

ರವಿಕೆ ಶುಕ್ರವಾರ ಬಂತು.
ಎಡತೋಳಿನ ಮಡಿಕೆಗೆ ಬೇರೆಯದೇ ಹಸಿರು,
ಯಾರಿಗೂ ಗೊತ್ತಾಗದಷ್ಟು.
ಮಳೆ ಜೋರಾದ ರಾತ್ರಿ ಬೆರಳಾಡಿಸಿ ನೋಡುತ್ತೇನೆ:
ಉಳಿದ ನೂಲು
ಎಲ್ಲೋ ಒಂದು ತುಟಿಯಲ್ಲಿ
ಸೆಳವಿಗೆ ಎದುರಾಗಿ ಈಜುತ್ತಿದೆ.