ಅಡಿಟಿಪ್ಪಣಿ ಹನ್ನೊಂದು

ಮದುವೆ ಕಾಗದ, ಮೀನುಗಾರರ ಸೊಸೈಟಿಯ ಜಮಾಖರ್ಚು,
ಉಪನಯನ, ವಾರ್ಷಿಕ ವರದಿ, ಶ್ರದ್ಧಾಂಜಲಿ:
ಅಂಕೋಲೆ ಬಸ್‌ಸ್ಟ್ಯಾಂಡಿನ ಹಿಂದೆ
ನನ್ನ ಕೀಲಿಮಣೆಗೆ ಗೊತ್ತಿದ್ದ ಸಾಹಿತ್ಯ ಇಷ್ಟೇ.

ಹಮ್ಮಣ್ಣ ಮಾಸ್ತರರು ಬಂದರು.
ಅಕ್ಕಿ ಚೀಲದಲ್ಲಿ ಮೂರು ತಾಮ್ರದ ಹಲಗೆ,
ಹುಣಸೆಹುಳಿ ಹಚ್ಚಿ ತಿಕ್ಕಿದವರ ಮೇಲೆ ಇನ್ನೂ ಆರದ ಸಿಟ್ಟು.
"ಒಂದನ್ನು ಕುಮಟೆಯಲ್ಲಿ ಗುಜರಿ ತಕ್ಕಡಿಯಿಂದ ಇಳಿಸಿದೆ, ತಂಗೀ.
ಇನ್ನೊಂದು ಉಪ್ಪಿನ ಮರಿಗೆಗೆ ಮುಚ್ಚಳ.
ಮೂರನೆಯದು ಕೊಟ್ಟವರು ರಶೀದಿ ಕೇಳಲಿಲ್ಲ,
ನೋಡಿ ತಂದುಕೊಡಿ ಎಂದರು.
ತಂದುಕೊಡಲು ಹೋದರೆ ಅವರೇ ಇರಲಿಲ್ಲ."

ನಲವತ್ತೆರಡು ದಾನಪತ್ರ. ಪುಸ್ತಕವಾಗಬೇಕು.

ಮೊದಲು ಕಲಿತದ್ದು ಚುಕ್ಕಿ.
ಸವೆದ ಅಕ್ಷರ ಒಂದಾದರೆ ಒಂದು, ಮೂರಾದರೆ ಮೂರು.
ಒಮ್ಮೆ ಅಂದಕ್ಕೆಂದು ನಾಲ್ಕು ಹಾಕಿದೆ.
ಮಾಸ್ತರರು ಕನ್ನಡಕ ತೆಗೆದರು:
"ಕಳೆದುಹೋಗದ್ದನ್ನು ಕಳೆದಿದೆ ಅಂದರೆ
ಅದೂ ಖೊಟ್ಟಿ ದಾಖಲೆಯೇ."

ಆಮೇಲೆ ೞ.
ನಾಲಿಗೆಯಿಂದ ಎಂದೋ ಜಾರಿದ್ದು
ನನ್ನ ಫಾಂಟಿನಿಂದಲೂ ಜಾರಿತ್ತು.
ಹೊನ್ನಾವರದ ಹುಡುಗನೊಬ್ಬ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ,
ಬಾಡಿಗೆ ಸೈಕಲ್ಲಿನ ಹಾಗೆ, ಎರಡು ದಿನಕ್ಕೆ.

ಅವರ ಹತ್ತಿರ ಇಂಗ್ಲೆಂಡಿನ ಒಂದು ದಪ್ಪ ಸಂಪುಟ,
ಧಾರವಾಡದ ಹಳೆಪುಸ್ತಕದ ರಾಶಿಯಿಂದ ಎತ್ತಿದ್ದು.
ಅಲ್ಲಿಯ ಹಳೆಯ ಅರಸರ ಭೂದಾನಗಳು.
ದೊರೆಯನ್ನು ಹೊಗಳಲು ಲ್ಯಾಟಿನ್, ಶಪಿಸಲು ಲ್ಯಾಟಿನ್;
ಎಲ್ಲೆ ಬಂತೋ, ಮನೆಮಾತು:
ಮುಳ್ಳುಗಿಡದಿಂದ ಹಳೇ ಕಾಲುವೆಗೆ,
ಕಾಲುವೆಯಿಂದ ನರಿಯ ಬಿಲಕ್ಕೆ.
"ನೋಡು, ನಮ್ಮವರೂ ಹಾಗೇ," ಅಂದರು ಮಾಸ್ತರರು,
"ಸಂಸ್ಕೃತಕ್ಕೆ ಕೆಸರು ತುಳಿಯಲು ಬರುವುದಿಲ್ಲ."

ಹದಿನೇಳನೆಯ ಪತ್ರ. ಎರಡನೆ ಹಲಗೆ, ಹಿಂಬದಿ.
*ಮೂಡಲ್ ಪುಣಿಸೆಯ ಮರಂ, ತೆಂಕಲ್ ಉಪ್ಪಿನ ಕೊಳಂ,
ಪಡುವಲ್ ಏೞುಗಂಡಿ, ಬಡಗಲ್ . . .*
ಅಡಿಟಿಪ್ಪಣಿ ಹನ್ನೊಂದು:
ಏಳು ಗಂಡಿಗಳಿದ್ದ ಸ್ಥಳ. ಗುರುತಿಸಲಾಗಿಲ್ಲ.

ರಾತ್ರಿ ಬಂಗಡೆ ಹೆರೆಯುತ್ತಿದ್ದ ಅಜ್ಜಿಗೆ ಓದಿ ಹೇಳಿದೆ,
ಸುಮ್ಮನೆ, ದಣಿವಿಗೆ.
ಅವಳ ಕತ್ತಿ ನಿಂತಿತು.
"ಏಳೂ ಅಲ್ಲ ಎಂಟೂ ಅಲ್ಲ ಮಗಾ, ಇದ್ದದ್ದೇ ಒಂದು ಗಂಡಿ.
ಅಮಾಸೆ ಭರ್ತಿಗೆ ನೀರು ಎದ್ದು ನಿಲ್ತಿತ್ತು,
ಹೆಡೆ ಎತ್ತಿದಂಗೆ.
ನೀರು ಏಳೂ ಗಂಡಿ ಅದು. ನಮ್ಮ ಕೊಡ್ಲಬೇಣದ್ದು."

ಕೊಡ್ಲಬೇಣ ಈಗ ನೌಕಾನೆಲೆಯ ಬೇಲಿಯೊಳಗೆ.
ಎಬ್ಬಿಸುವಾಗ ಕೊಟ್ಟ ನೋಟೀಸು ಟ್ರಂಕಿನಲ್ಲಿದೆ;
ಅದರಲ್ಲಿ ಮರವಿಲ್ಲ, ಕೊಳವಿಲ್ಲ, ಗಂಡಿಯಿಲ್ಲ,
ಒಂದು ಸರ್ವೆ ನಂಬರು, ಒಂದು ಸೊನ್ನೆ, ಒಂದು ದಶಾಂಶ.

ಮಾಸ್ತರರು ಬಹಳ ಹೊತ್ತು ಮಾತಾಡಲಿಲ್ಲ.
"ಎರಡು ಏಳಿಗೂ ಒಂದೇ ೞ," ಅಂದರು ಕೊನೆಗೆ.
"ನಿನ್ನ ಪೆನ್‌ಡ್ರೈವಿಗೂ ಗೊತ್ತಾಗುತ್ತಿರಲಿಲ್ಲ."
ಹೊಸ ಟಿಪ್ಪಣಿಯನ್ನು ನಾನೇ ಟೈಪಿಸಿದೆ:
ಏಳು: ಸಂಖ್ಯೆಯಲ್ಲ, ಕ್ರಿಯೆ.
ಮಾಹಿತಿ: ಯಂಕು ಹರಿಕಂತ್ರ, ಕೊಡ್ಲಬೇಣ, ಈಗಿಲ್ಲ.
"ಈಗಿಲ್ಲ ಯಾರು?" ಅಂದರು, "ಊರೋ, ಅಜ್ಜಿಯೋ?"
ಪದವನ್ನು ಎತ್ತಿ ಊರಿನ ಹಿಂದೆ ಇಟ್ಟೆ.
ಈಗಿಲ್ಲದ ಕೊಡ್ಲಬೇಣ. ಅಜ್ಜಿ ಉಳಿದಳು.

ಪತ್ರದ ಕೊನೆಗೆ ಎಂದಿನ ಶಾಪ:
ಕೊಟ್ಟ ನೆಲವನ್ನು ಕಸಿದವನು
ಅರವತ್ತು ಸಾವಿರ ವರ್ಷ ಹೇಲಿನ ಹುಳು.
ನಲವತ್ತೆರಡು ಸಲ ಟೈಪಿಸಿದ್ದೇನೆ, ಕೈಗೆ ಬಾಯಿಪಾಠ.
ಆದರೆ ದಾನ ಪಡೆದವನು ಭಟ್ಟ, ಕೊಟ್ಟವನು ಅರಸ;
ಮರಿಗೆ ಹೊತ್ತವರ ಹೆಸರು ಯಾವ ಹಲಗೆಯಲ್ಲೂ ಇಲ್ಲ.
ಶಾಪ ನಮ್ಮ ಪರವಾಗಿ ಹಾಕಿದ್ದಲ್ಲ.

ಮುನ್ನೂರು ಪ್ರತಿ ಅಚ್ಚಾಗಿ ಬಂತು.
ಓದಲು ಬಾರದ ಅಜ್ಜಿ
ತಾಮ್ರದ ಫೋಟೋ ಮೇಲೆ ಹೆಬ್ಬೆರಳು ಆಡಿಸಿದಳು,
ಮೀನಿನ ಹುರುಪೆ ಇದೆಯೋ ನೋಡುವವಳ ಹಾಗೆ.
"ಬಡಗ ಬದಿಗೆ ಎಂತ ಇತ್ತಜ್ಜೀ?
ಅದೊಂದೇ ಸಿಗಲಿಲ್ಲ."
"ಆ ಬದಿಗೆ ನಮ್ಮನ್ನ ಬಿಡ್ತಿರಲಿಲ್ಲ ಮಗಾ," ಅಂದಳು.
"ನಿಂಗೆ ಕಲಿಸಿದ್ರಲ್ಲ ಮಾಸ್ತರು. ಚುಕ್ಕಿ ಹಾಕು."