ಒಂಬತ್ತನೇ ಕಲಮು

ಬ್ಯಾಡಗಿ ಬಿಡೂ ಹೊತ್ತಿಗೆ ಇನ್ನೂ ಕತ್ತಲ.
ಮೌಲಾಲಿ ತಾಡಪತ್ರಿ ಜಗ್ಗಿ ಹಗ್ಗ ಬಿಗದ,
ಎರಡು ಸಲ ಸೀನಿದ.
ಹಿಂದ ಇನ್ನೂರು ಚೀಲ ಮೆಣಸಿನಕಾಯಿ,
ತಾರಿಹಾಳದ ಖಾರಪುಡಿ ಫ್ಯಾಕ್ಟರಿಗೆ.
ಇವತ್ತ ಕ್ಯಾಬಿನ್ನಿನ್ಯಾಗ ನಾನೂ ಕುಂತೀನಿ,
ಮಡ್ಲಾಗ ಲೆಕ್ಕದ ವಹಿ.

ಹೋಗಿ ಬರಾಕ ನಲವತ್ತೈದು ಲೀಟರ್.
ಕರಾರು ಮಾಡಿದಾಗ ಲೀಟರಿಗೆ ಅರವತ್ತೆಂಟು,
ಈಗ ತೊಂಬತ್ತೊಂದು.
ನಡುವಿನ ಸಾವಿರದ ಮೂವತ್ತೈದು ರೂಪಾಯಿ
ಪ್ರತಿ ಟ್ರಿಪ್ಪಿಗೂ ನಾವ ಗಾಡಿಗೆ ಹೇರಿ ಕಳಸ್ತೀವಿ,
ವೇಬ್ರಿಜ್ಜಿನ ಚೀಟಿಯಾಗ ಮೂಡದ ತೂಕ.

ಮೂರು ವರ್ಷದ ಕರಾರು.
ಊರ ತುಂಬ ಲಾರಿ ಖಾಲಿ ನಿಂತಿದ್ದ ಕಾಲ ಅದು,
ಖಾತ್ರಿ ಬಾಡಿಗಿ ಅಂದ್ರ ಸಣ್ಣ ಮಾತೇನ್ರಿ?
ನಮ್ಮವರು ಸ್ಟಾಂಪಿನ ಕಾಗದಕ್ಕ ಸಹಿ ಒತ್ತಿ
ಓಣಿ ತುಂಬ ಪೇಢೆ ಹಂಚಿದ್ರು.
ನಾನೂ ಎರಡು ತಿಂದೆ.
ಒಂಬತ್ತನೇ ಕಲಮು ಆವಾಗ ಯಾರು ಓದ್ಯಾರ:
‘ಕರಾರಿನ ಅವಧಿಯಲ್ಲಿ ಯಾವುದೇ ಕಾರಣಕ್ಕೂ
ಸಾಗಣೆ ದರವು ಬದಲಾಗತಕ್ಕದ್ದಲ್ಲ.’

ತಕ್ಕದ್ದಲ್ಲ.
ಕೋರ್ಟಿನ ಹೊರಗಿನ ಕಟಗಿ ಬಾಕು ಇದ್ದಂಗ ಆ ಶಬ್ದ,
ಕುಂತ್ರ ಬೆನ್ನು ನೋಯ್ತೈತಿ
ಎದ್ರ ಠೇವಣಿ ಹೋಗ್ತೈತಿ.

ಗುಡಗುಡಿ ಸಾಹೇಬ್ರು ಚಾ ತರಿಸಿದ್ರು.
ನಾ ಪಂಪಿನ ಚೀಟಿ ಒಂದೊಂದ ಮೇಜಿನ ಮ್ಯಾಲ ಹಚ್ಚಿದೆ,
ತಾರೀಖಿನ ಪ್ರಕಾರ, ಹಪ್ಪಳ ಒಣಹಾಕಿದಂಗ.
ಅವರು ಬೈಲಿಲ್ಲ, ಗದರಲಿಲ್ಲ.
ಕಪಾಟು ತಗದು ತಮ್ಮದೊಂದು ಕಾಗದ ಹೊರಗಿಟ್ರು:
ಮುಂಬೈ ಕಂಪನಿಗೆ ಪುಡಿ ಕೊಡೂ ಕರಾರು,
ಅಲ್ಲಿ ಅದ ಮಾತು ಹದಿನಾಲ್ಕನೇ ಕಲಮಿನ್ಯಾಗ.
‘ನಂದೂ ಇದ ಹಣೆಬರಹ ಅಕ್ಕಾರ.’
ಜಾತಕ ಕೂಡಿಸೋರ ಹಂಗ
ಎರಡೂ ಕಾಗದ ಬಾಜೂಕ ಬಾಜೂ ಇಟ್ಟು ನೋಡಿದ್ವಿ.
ಕೂಡಲಿಲ್ಲ.

ಕಡೀಕ ಅವರಂದ್ರು:
ದರ ನನ್ನ ಕೈಯಾಗಿಲ್ಲ.
ಬಿಲ್ಲು ಎರಡು ತಿಂಗಳ ಬದ್ಲಿ ಹದಿನೈದು ದಿನಕ್ಕ ಮಾಡಸ್ತೀನಿ.
ವಾಪಸ್ ಹೋಗುವಾಗ ಖಾಲಿ ಯಾಕ ಹೊಕ್ಕೀರಿ,
ಹಾವೇರಿ ಎಣ್ಣಿ ಗಾಣದವಂಗ ಡಬ್ಬಿ ಬೇಕಾಗ್ಯಾವ, ಒಯ್ರಿ.
‘ಬರದು ಕೊಡ್ತೀರೇನು?’ ಅಂದೆ.
ನಕ್ಕರು. ಬರದದ್ದರಿಂದ ಏನಾಗೇತಿ ನೋಡೀರಲ್ಲ, ಅಂದ್ರು.

ಶಿಗ್ಗಾವಿ ದಾಟೂತನಕ ನಾ ವಹಿಯಾಗ
ಡಬ್ಬಿ ಬಾಡಿಗಿ ಕೂಡಿಸಿಕೋತ ಬಂದೆ.
ಪೂರ್ತಿ ತುಂಬೂದಿಲ್ಲ, ಆದ್ರ ಮುಳುಗೂದೂ ಇಲ್ಲ.
ಬಂಕಾಪುರದ ಟೋಲಿನ್ಯಾಗ ಸಾಲು ಹತ್ತಿತ್ತು.
‘ಇನ್ನ ಹನ್ನೊಂದ ತಿಂಗಳು ಮೌಲಾಲಿ,
ಹಲ್ಲ ಕಚ್ಚಿ ದಾಟಿದ್ವಿ ಅಂದ್ರ
ಹೊಸ ಕರಾರಿನ್ಯಾಗ ಡೀಸೆಲ್ ಕಲಮು ಹಾಕಸ್ತೀನಿ.’

ಅವ ಮುಂದಿನ ಗಾಡಿಯ ಕೆಂಪು ದೀಪ ನೋಡ್ಕೋತ
ಸಾವಕಾಶ ಕೇಳಿದ:
‘ಹಂಗಾರ ನಂದೂ ಹನ್ನೊಂದ ತಿಂಗಳನ, ಅಕ್ಕಾರ?’
‘ನಿಂದೇನು?’
‘ಪಗಾರ.’

ಡೀಸೆಲ್ಲಿಂದು ಬರದೀನಿ, ಟಾಯರಿಂದು, ಇನ್ಶೂರೆನ್ಸಿಂದು,
ಗ್ರೀಸಿನ ಡಬ್ಬಿ ಸೈತ ಬರದೀನಿ.
ಅವನ ಹೆಸರಿನ ಮುಂದ ಮಾತ್ರ
ಪೇಢೆ ಹಂಚಿದ ದಿನದ ಅಂಕಿನ
ಪುಟದಿಂದ ಪುಟಕ್ಕ ಇಳಿಸಿಕೋತ ಬಂದೀನಿ,
ನಂದ ಕೈಬರಹ, ನಂದ ನೀಲಿ ಶಾಯಿ.
ಅವನ ಮನಿಯಾಗೂ ಗ್ಯಾಸು ಏರಿರಬೇಕು, ಎಣ್ಣಿ ಏರಿರಬೇಕು.
ಅವಂಗ ಸ್ಟಾಂಪಿಲ್ಲ, ಕಲಮಿಲ್ಲ, ಠೇವಣಿ ಇಲ್ಲ.
ಮುರಿಯಾಕ ಕಾಗದನ ಇರಲಿಲ್ಲ,
ಆದ್ರೂ ಅವ ಮುರೀಲಿಲ್ಲ.

ಹಾವೇರಿಯೊಳಗ ಡಬ್ಬಿ ಇಳಿಸಿದ್ವಿ.
ಮೋಟೆಬೆನ್ನೂರ ಕ್ರಾಸಿನತನಕ ನಾ ಮಾತಾಡಲಿಲ್ಲ.
ಅಲ್ಲಿ ಗಾಡಿ ಹೊರಳುವಾಗ ಅಂದೆ:
‘ಈ ತಿಂಗಳಿಂದ ಎರಡು ಸಾವಿರ ಹೆಚ್ಚಿಗಿ.’
ಅವ ಗೇರು ಬದಲಿಸಿದ. ಹೂಂ ಅಂದ್ನೋ, ಇಂಜಿನ್ ಅಂತೋ.

ಮನಿಯಾಗ ನಮ್ಮವರು, ಏನಾತು, ಅಂತ ಕೇಳಿದ್ರು.
ಹದಿನೈದು ದಿನಕ್ಕ ಬಿಲ್ಲು, ವಾಪಸ್ ಬರಾಕ ಲೋಡು, ಅಂದೆ.
ಉಳಿದದ್ದು ವಹಿಯಾಗ ಐತಿ.
ಓದಿದ್ರ ಓದ್ಲಿ,
ಈ ಸಲರೆ.